ಸೇಲಂನಲ್ಲಿ ಕೊಂಡ ಧ್ವನಿಸುರುಳಿ

ಪರವೂರಿಗೆ ಹೋದಾಗ ಹಾಡಿನ ಅಂಗಡಿ ಹುಡುಕುವುದು ನನ್ನ ಹಳೆಯ ಚಟ. 1994ರ ಬೇಸಗೆಯಲ್ಲಿ ಕಾಸರಗೋಡಿನಿಂದ ಮದ್ರಾಸಿನ ರೈಲು ಹತ್ತಿ ಸೇಲಂನಲ್ಲಿ ಇಳಿದಿದ್ದೆ. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ತಯಾರಿಸಿದ ಮಾಡರ್ನ್ ಥಿಯೇಟರ್ಸ್ ಇದ್ದ ಊರು ಅದು. ಅದರ ಹಾಡೇನಾದರೂ ಸಿಕ್ಕೀತೇ ಎಂದರೆ ಅಂಗಡಿಯವ ನಕ್ಕುಬಿಟ್ಟ. ಆ ಚಿತ್ರದ ಪ್ರತಿಯೇ ಉಳಿದಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಕನ್ನಡದ್ದು ಇದೆಯೇ ಎಂದೆ. ಮೂಲೆಯ ಪೆಟ್ಟಿಗೆ ತೋರಿಸಿದ. ಧೂಳು ಕೊಡವಿದರೆ ಪಿ. ಬಿ. ಶ್ರೀನಿವಾಸ್! ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೆ, ನಮ್ಮಲ್ಲಿ ರಾಜಕುಮಾರರಿಗೆ ಕೊರಳಾದವರು.

ಪಕ್ಕದಲ್ಲಿದ್ದ ಮುದುಕರೊಬ್ಬರು ಅದರ ಮೇಲೆ ಏನು ಬರೆದಿದೆಯೆಂದು ಕನ್ನಡದಲ್ಲೇ ಕೇಳಿದರು. ದೇವಾಂಗ ನೇಕಾರರು. ಸೇಲಂ, ಧರ್ಮಪುರಿಗಳಲ್ಲಿ (1965ರ ತನಕ ಎರಡೂ ಒಂದೇ ಜಿಲ್ಲೆ) ಇಂಥ ಕನ್ನಡ ಮನೆಗಳು ಎಷ್ಟೋ. ಮಾತು ತಲೆಮಾರುಗಳಿಂದ ಉಳಿದಿದೆ. ಕಲಿತ ಅಕ್ಷರ ಮಾತ್ರ ತಮಿಳು. ನಾನು ಒಂದೊಂದೇ ಹಾಡಿನ ಹೆಸರು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಇದ್ದದ್ದು ಒಂದೇ ಪ್ರತಿ. ಹಣ ಕೊಟ್ಟು ಚೀಲಕ್ಕೆ ಹಾಕಿಕೊಂಡವನು ನಾನು. ಅವರು ಏನೂ ಅನ್ನಲಿಲ್ಲ. ಊರಿಗೆ ಬಂದರೆ ಅದೇ ಸುರುಳಿ ಪೇಟೆಯಲ್ಲಿ ಬೇಕಾದಷ್ಟಿತ್ತು.

ನನ್ನ ಮೊಮ್ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಶಾಲೆಯಲ್ಲಿ ಮಲಯಾಳ ಓದುತ್ತಾಳೆ. ಮೊನ್ನೆ ಕಪಾಟಿನಿಂದ ಆ ಸುರುಳಿ ತೆಗೆದು, “ಅಜ್ಜಾ, ಇದರಲ್ಲಿ ಏನು ಬರೆದಿದೆ?” ಎಂದಳು.

ಈ ಸಲ ಓದಿ ಹೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ‘ಅ’ದಿಂದ ಶುರುಮಾಡಿದೆ.