ಹೆಂಗಸರ ಪರ್ಸು

ಅಂತರಘಟ್ಟೆ ಅಮ್ಮನ ಜಾತ್ರೆಗೆ ನಾವು ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದಾಗ ನಮ್ಮ ಬುತ್ತಿಗಂಟು ಬಿಚ್ಚಿಸಿ ನೋಡಿದವರಿರಲಿಲ್ಲ. ಈಗ ಚುನಾವಣೆ ಬಂತೆಂದರೆ ದಾರಿಯಲ್ಲಿ ಕಾರು ನಿಲ್ಲಿಸಿ, "ಬ್ಯಾಗ್ ತೋರಿಸಿ ಅಮ್ಮಾ" ಎನ್ನುತ್ತಾರೆ. ನಮ್ಮ ಪರ್ಸಿನಲ್ಲಿ ಏನಿದ್ದೀತು? ಕುಂಕುಮದ ಭರಣಿ, ಮಾತ್ರೆ, ಮನೆಯವರಿಗೂ ಹೇಳದೆ ಕೂಡಿಟ್ಟ ನಾಲ್ಕು ಕಾಸು. ಮತಕ್ಕೆ ಹಣ ಹಂಚುವವರನ್ನು ಹಿಡಿಯಲು ತಪಾಸಣೆ ಬೇಕು, ನಿಜ. ಆದರೆ ಮಹಿಳಾ ಅಧಿಕಾರಿ ಇಲ್ಲದೆ ಹೆಂಗಸರ ಪರ್ಸು ನೋಡಬಾರದು, ತಪಾಸಣೆಯನ್ನೆಲ್ಲ ವಿಡಿಯೊ ಮಾಡಬೇಕು ಎಂದು ಚುನಾವಣಾ ಆಯೋಗವೇ ಹೇಳಿದೆ. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ, ಮರ್ಯಾದೆಯಿಂದ ಮಾಡಬೇಕೆಂಬ 1973ರ ದಂಡ ಪ್ರಕ್ರಿಯಾ ಸಂಹಿತೆಯ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. "ಮಹಿಳಾ ಪೊಲೀಸರನ್ನು ಕರೆಸಿ, ಕಾಯುತ್ತೇವೆ" ಎಂದು ಸಮಾಧಾನವಾಗಿ ಹೇಳುವಷ್ಟು ಬಾಯಿ ನಮ್ಮ ಹೆಣ್ಣುಮಕ್ಕಳಿಗೆ ಬರಬೇಕು.