ಐರೋಲಿಯಿಂದ ಊರಿನ ಒಲೆಯವರೆಗೆ

ಭಾನುವಾರ ಸಂಜೆ ಕಚೇರಿಯ ಕಡತಗಳ ಕಾಟವಿಲ್ಲ. ಮನೆಮಂದಿಯೆಲ್ಲ ಕೂಡಿ ಐರೋಲಿಯ ಖಾಡಿಯ ಕಡೆಗೆ ತಿರುಗಾಡಲು ಹೋಗುವುದು ನಮ್ಮ ವಾಡಿಕೆ. ಒಂದು ಕಡೆ ಮುಗಿಲು ಮುಟ್ಟುವ ಕಟ್ಟಡಗಳು. ಇನ್ನೊಂದು ಕಡೆ ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಗಿಡಗಳ ಹಸುರು. ರಾಜಹಂಸಗಳು ಬಂದಿಳಿಯುವ ಈ ಖಾಡಿಯ ಒಂದು ಭಾಗವನ್ನು ಸರ್ಕಾರ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಸಾರಿತು. ಹಿಂದೆ ಸೌದೆಗೆಂದೂ ಈ ಗಿಡಗಳಿಗೆ ಕೊಡಲಿ ಬೀಳುತ್ತಿತ್ತು. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ರಾಜ್ಯದಲ್ಲೆಲ್ಲ ಕಾಂಡ್ಲಾ ನಾಶಮಾಡುವುದನ್ನು ತಡೆಯಿತು. ಕಾಡು ಉಳಿಯಿತು, ಸಂತೋಷ. ಆದರೆ ಬಡವರ ಒಲೆ ಹಸಿದೇ ಇರುತ್ತದಲ್ಲ?

ಕಳೆದ ದೀಪಾವಳಿಗೆ ಮುಂಚಿನ ಮಾತು. ಕಟ್ಟುತ್ತಿದ್ದ ಮನೆಯೊಂದರ ಪಕ್ಕದಲ್ಲಿ ಮೂರು ಇಟ್ಟಿಗೆಗಳ ನಡುವೆ ಬೆಂಕಿ ಹೊತ್ತಿಸಿ ಹೆಣ್ಣುಮಗಳೊಬ್ಬಳು ರೊಟ್ಟಿ ಬೇಯಿಸುತ್ತಿದ್ದಳು. ಮಗುವನ್ನು ಗದರಿದ್ದು ಕನ್ನಡದಲ್ಲಿ! ಯಾದಗಿರಿ ಕಡೆಯವರಂತೆ. ಉರಿಯುತ್ತಿದ್ದುದು ಬಣ್ಣ ಬಳಿದ ಹಲಗೆಯ ಚೂರು.

"ತಂಗಿ, ಈ ಹೊಗೆಯಲ್ಲಿ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೀಯಲ್ಲಾ?" ಎಂದು ನಮ್ಮ ಮನೆಯಾಕೆ ಕೇಳಿದಳು.

"ಎಲ್ಲಿ ಬಿಡ್ಲಿ ಅಕ್ಕಾ? ರಸ್ತಾದಾಗ ಬಿಡ್ಲೇನು?" ಎಂದಳು ಆಕೆ. ನಮ್ಮಲ್ಲಿ ಉತ್ತರವಿರಲಿಲ್ಲ.

ಹಬ್ಬದ ರಜೆಯಲ್ಲಿ ಊರಿಗೆ ಹೊರಟೆವು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಮರುದಿನ ಬೆಂಗಳೂರಿನಲ್ಲಿಳಿದು, ಕುಣಿಗಲ್ಲಿನ ಬಸ್ಸು ಹಿಡಿದೆವು. ನಮ್ಮೂರು ಆ ತಾಲ್ಲೂಕಿನಲ್ಲೇ. ಒಲೆಯ ಚರಿತ್ರೆಯಲ್ಲಿ ತಾಲ್ಲೂಕಿಗೊಂದು ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಉದ್ದೇಶ. ಅದರ ವಿಸ್ತರಣಾ ಕೇಂದ್ರ ನೆಲೆಯಾದದ್ದು ಇದೇ ತಾಲ್ಲೂಕಿನ ಉಂಗ್ರದಲ್ಲಿ. ಆ ವಿಜ್ಞಾನಿಗಳು ರೂಪಿಸಿದ್ದೇ ಅಸ್ತ್ರ ಒಲೆ.

ಅದರ ಗುಟ್ಟು ಸರಳ. ಮೂರು ಕಲ್ಲಿನ ಒಲೆಯಲ್ಲಿ ಉರಿ ನಾಲ್ಕು ಕಡೆಗೂ ಚೆಲ್ಲುತ್ತದೆ. ಪಾತ್ರೆಗೆ ಮುಟ್ಟುವ ಶಾಖ ಹತ್ತರಲ್ಲಿ ಒಂದು ಪಾಲಿನಷ್ಟು. ಅಸ್ತ್ರ ಒಲೆಯಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ. ಸೌದೆ ಜಾಲರಿಯ ಮೇಲೆ ಕೂರುವುದರಿಂದ ಕೆಳಗಿನಿಂದ ಗಾಳಿ ಬಂದು ಚೆನ್ನಾಗಿ ಉರಿಯುತ್ತದೆ. ಬಿಸಿ ಹೊಗೆ ಸಾಲಾಗಿ ಕೂತ ಮೂರು ಪಾತ್ರೆಗಳ ಬುಡ ಸವರಿಕೊಂಡು ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಮೊದಲನೆಯದರಲ್ಲಿ ಹಿಟ್ಟು, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಬಿಸಿನೀರು! ಪರೀಕ್ಷೆಗಳಲ್ಲಿ ನೂರಕ್ಕೆ 40ರ ಆಸುಪಾಸು ಶಾಖ ಪಾತ್ರೆಗಳಿಗೆ ದಕ್ಕಿತು. ಸೌದೆ ಕಡಿಮೆಯಾದರೆ ತೋಪಿನ ಮರಕ್ಕೂ ಲಾಭ, ಹೊರೆ ಹೊರುವ ತಲೆಗೂ ಲಾಭ.

ನಮ್ಮ ದೊಡ್ಡಮ್ಮನ ಮನೆಯಲ್ಲೂ ಈ ಒಲೆ ಇದೆ. ಆದರೆ ಒಳಗೆ ಕಾಲಿಟ್ಟರೆ ಹೊಗೆಯೋ ಹೊಗೆ. ದೊಡ್ಡಮ್ಮ ಕೆಮ್ಮುತ್ತ ಕೆಮ್ಮುತ್ತಲೇ "ಬಾಪ್ಪಾ" ಎಂದರು. ಮೂಲೆಯಲ್ಲಿ ಗ್ಯಾಸಿನ ಸಿಲಿಂಡರು ಕೂತಿತ್ತು. "ಅದು ಕಾಫಿಗೆ, ನೆಂಟರಿಗೆ. ದಿನಾ ಹಚ್ಚಿದ್ರೆ ದುಡ್ಡು ಎಲ್ಲಿಂದ ತರ್ಲಿ?" ಎಂದರು.

ಪಟ್ಟಣವಾಸಿಗಳಲ್ಲವೇ, ನಾವು ಉಪದೇಶಕ್ಕೆ ಹೊರಟೆವು: ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ, ಇತ್ಯಾದಿ. ದೊಡ್ಡಮ್ಮ ಎಲ್ಲ ಕೇಳಿ, ಸುಮ್ಮನೆ ಮೇಲಕ್ಕೆ ಬೆರಳು ತೋರಿಸಿದರು. ಹೊಗೆಕೊಳವೆ ಸೂರಿನವರೆಗೆ ಹೋಗಿ ಅಲ್ಲಿಗೇ ನಿಂತಿತ್ತು. ಎರಡು ವರ್ಷದ ಹಿಂದೆ ಹಂಚು ತೆಗೆದು ತಗಡು ಹೊದಿಸಿದಾಗ, ಮಳೆನೀರು ಸೋರುತ್ತದೆಂದು ಕೊಳವೆಯ ಬಾಯಿ ಮುಚ್ಚಿಬಿಟ್ಟಿದ್ದರು. ಆ ತಗಡಿಗೆ ಐರೋಲಿಯಿಂದ ಹಣ ಕಳಿಸಿದವರು ಯಾರು? ನಾವೇ! ಎಷ್ಟು ತಗಡು, ಎಷ್ಟು ಕೂಲಿ ಎಂದು ಕಚೇರಿಯ ಬಿಲ್ಲಿನಂತೆ ತನಿಖೆ ಮಾಡಿದ್ದೆವು. ಹೊಗೆಗೆ ದಾರಿ ಇದೆಯೇ ಎಂದು ಮಾತ್ರ ಕೇಳಿರಲಿಲ್ಲ. ದೊಡ್ಡಮ್ಮ ಎರಡು ವರ್ಷ ಕೆಮ್ಮಿದ್ದರು.

ಮರುದಿನವೇ ತಗಡು ಕತ್ತರಿಸಿ, ಕೊಳವೆ ಮೇಲೆತ್ತಿ, ಮಳೆ ಬೀಳದಂತೆ ತಲೆಗೊಂದು ಟೋಪಿ ಇಡಿಸಿದೆವು. ಕೊಳವೆಯಿಂದ ಒಂದು ಬುಟ್ಟಿ ಮಸಿ ಇಳಿಯಿತು. ಸಂಜೆ ಒಲೆ ಹೊತ್ತಿಸಿದಾಗ ಹೊಗೆ ಸೂರಿನ ಮೇಲೆ ಕಂಡಿತು. ಆ ರಾತ್ರಿ ದೊಡ್ಡಮ್ಮ ಅಡಿಗೆಮನೆಯಲ್ಲೇ ಕೂತು ನಮ್ಮೊಡನೆ ಹರಟಿದರು. ಕೆಮ್ಮು ಒಂದೇ ದಿನದಲ್ಲಿ ಹೋಗುವುದಲ್ಲ. ದಿನವೂ ಗ್ಯಾಸು ಹಚ್ಚುವಂತಾದರೆ ಇನ್ನೂ ಒಳ್ಳೆಯದು. ಸಿಲಿಂಡರಿಗೆ ತಿಂಗಳ ಹಣ ಕಳಿಸುವುದಾಗಿ ಒಪ್ಪಿಸಿ ಬಂದೆವು.

ಐರೋಲಿಗೆ ಮರಳಿದ ಮೇಲೆ ಯಾದಗಿರಿಯ ತಂಗಿಯನ್ನು ಹುಡುಕಿ ಹೋದೆವು. ಇಂದಲ್ಲ ನಾಳೆ ಜಾಗ ಬಿಡುವವರಿಗೆ ಮಣ್ಣಿನ ಒಲೆ ಕಟ್ಟಿಕೊಟ್ಟು ಫಲವೇನು? ಬಿದ್ದಿದ್ದ ಕಬ್ಬಿಣದ ಸರಳಿನ ತುಂಡುಗಳನ್ನು ಮೇಸ್ತ್ರಿಯನ್ನು ಕೇಳಿ ತೆಗೆದು, ಇಟ್ಟಿಗೆಗಳ ಮೇಲೆ ಜಾಲರಿಯಂತೆ ಹಾಸಿದೆವು. ಗಾಳಿ ಬರುವ ಕಡೆಗೆ ಇಟ್ಟಿಗೆಯ ಅಡ್ಡಗೋಡೆ. ಬಣ್ಣದ ಹಲಗೆ ಬೇಡ, ಒಣಗಿದ ಸೌದೆ ಸಣ್ಣಗೆ ಸೀಳಿ ಹಾಕು ಎಂದೆವು. "ಲಗೂ ಉರೀತೈತಿ ನೋಡ್ರಿ" ಎಂದು ಆಕೆಯೇ ಅಚ್ಚರಿಪಟ್ಟಳು.

ತಿಂಗಳಾದ ಮೇಲೆ ಹೋದರೆ ಅವರಿರಲಿಲ್ಲ. ಕರಿಹಿಡಿದ ಇಟ್ಟಿಗೆಗಳು ಅಲ್ಲೇ ಇದ್ದವು, ಸರಳುಗಳನ್ನು ಕೊಂಡೊಯ್ದಿದ್ದಳು.

ವಾಚಕರೇ, ನಾವೆಲ್ಲ ಊರಿಗೆ ಹಣ ಕಳಿಸುವವರು. ಮುಂದಿನ ಸಲ ಹೋದಾಗ ಅಡಿಗೆಮನೆಯಲ್ಲಿ ನಿಂತು ಒಮ್ಮೆ ಮೇಲೆ ನೋಡಿ ಬನ್ನಿ.