ಚಾರ್ಮಾಡಿ ಇಳಿಯುವಾಗ ಯಾವ ಮೋಡ್?

ಹಾಸನ ದಾಟಿ ಬೇಲೂರಿನ ಕಡೆ ತಿರುಗಿದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಅಲ್ಲಿವರೆಗೆ ಹೆದ್ದಾರಿ, ಟೋಲ್, ಲಾರಿಗಳ ಸಾಲು. ಮೂಡಿಗೆರೆ ಹತ್ತಿರವಾಗುತ್ತಿದ್ದಂತೆ ಕಾಫಿ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಒಂದರ ಹಿಂದೆ ಒಂದು ತಿರುವು. ಕಳೆದ ಅಕ್ಟೋಬರ್‌ನಲ್ಲಿ ಅಪ್ಪ, ಅಮ್ಮ, ತಮ್ಮ, ನಾನು ಧರ್ಮಸ್ಥಳಕ್ಕೆ ಹೊರಟಿದ್ದೆವು. ಅಮ್ಮನ ಕಣ್ಣಿನ ಆಪರೇಷನ್ ಸಲೀಸಾಗಿ ಆದರೆ ಎಲ್ಲರೂ ಒಟ್ಟಿಗೆ ಬರ್ತೀವಿ ಅಂತ ಹರಕೆ ಇತ್ತು.

ಕಾರು ತಮ್ಮನದು, ಬಿಎಂಡಬ್ಲ್ಯು ಎಂ340ಐ. ಹೆಸರು ಕೇಳಿ ಅಮ್ಮ, "ಅದೇನೋ ಬಸ್ ನಂಬರ್ ಇದ್ದಂಗಿದೆ" ಅಂದಿದ್ದರು. ಮೂರು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಸಾಲಾಗಿ ಆರು ಸಿಲಿಂಡರ್, 500 ಎನ್‌ಎಂ ಟಾರ್ಕ್, 8 ಗೇರಿನ ಆಟೊಮ್ಯಾಟಿಕ್. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.4 ಸೆಕೆಂಡು ಎನ್ನುತ್ತದೆ ಕಂಪನಿ. ಘಟ್ಟದ ರಸ್ತೆಯಲ್ಲಿ ಈ ಲೆಕ್ಕಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಅಲ್ಲಿ ಬೇಕಾಗಿದ್ದು ಗೇರ್ ಪಕ್ಕದ ಗುಂಡಿಗಳು. ಇಕೋ ಪ್ರೊ, ಕಂಫರ್ಟ್, ಸ್ಪೋರ್ಟ್.

ಬೇಲೂರು ಬಿಟ್ಟ ಮೇಲೆ ತಮ್ಮ ಸ್ಪೋರ್ಟ್ ಒತ್ತಿದ. ಅದೇ ಕಾರು, ಅದೇ ರಸ್ತೆ, ಆದರೂ ಒಳಗೆ ಕೂತವರಿಗೆ ತಕ್ಷಣ ಗೊತ್ತಾಯಿತು. ಎಂಜಿನ್ ದನಿ ದಪ್ಪವಾಯಿತು (ಅದರಲ್ಲಿ ಸ್ವಲ್ಪ ಭಾಗ ಸ್ಪೀಕರ್‌ನಿಂದ ಬರುವ ನಾಟಕ, ತಮ್ಮನೇ ಒಪ್ಪಿಕೊಂಡ). ಕಾಲು ಇಟ್ಟರೆ ಸಾಕು, ಮುಂದಕ್ಕೆ ಹಾರುತ್ತದೆ. ಕಾಲು ತೆಗೆದರೆ ಹಿಂದಿನಿಂದ ಯಾರೋ ಹಿಡಿದೆಳೆದಂತೆ ನಿಧಾನವಾಗುತ್ತದೆ. ನಾಲ್ಕೇ ತಿರುವಿಗೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು, "ಸ್ವಲ್ಪ ನಿಲ್ಸಪ್ಪ" ಅಂದರು.

ಎಷ್ಟೋ ಜನ ಸ್ಪೋರ್ಟ್ ಒತ್ತಿದರೆ ಕಾರಿಗೆ ಹೆಚ್ಚು ಶಕ್ತಿ ಬರುತ್ತೆ ಅಂದ್ಕೊಂಡಿದಾರೆ. ಈ ಕಾರಿನಲ್ಲಿ ಹಾಗಿಲ್ಲ, ಹೆಚ್ಚಿನ ಕಾರುಗಳಲ್ಲೂ ಹಾಗಿಲ್ಲ. ಗರಿಷ್ಠ ಶಕ್ತಿ ಅಷ್ಟೇ. ಬದಲಾಗುವುದು ನಮ್ಮ ಕಾಲಿಗೂ ಎಂಜಿನ್ನಿಗೂ ನಡುವಿನ ಮಾತುಕತೆ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರಿಗೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಿದ್ದೀರಿ ಅಂತ ಸೆನ್ಸರ್ ಹೇಳುತ್ತದೆ, ಎಂಜಿನ್ ಎಷ್ಟು ಕೊಡಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಕಂಫರ್ಟ್‌ನಲ್ಲಿ ಅದು ಕೈ ಬಿಗಿ ಹಿಡಿದು ಕೊಡುತ್ತದೆ. ಸ್ಪೋರ್ಟ್‌ನಲ್ಲಿ ಪೆಡಲ್ ಚೂರು ಒತ್ತಿದರೂ ಬಾಚಿ ಕೊಡುತ್ತದೆ. ಸ್ಟಿಯರಿಂಗ್ ಭಾರವಾಗುವುದು ಕೂಡ ಎಲೆಕ್ಟ್ರಿಕ್ ಮೋಟರ್ ತನ್ನ ಸಹಾಯ ಕಡಿಮೆ ಮಾಡುವುದರಿಂದ. ಭಾರವಾದ ಸ್ಟಿಯರಿಂಗ್ ಅಂದರೆ ಚುರುಕಾದ ಸ್ಟಿಯರಿಂಗ್ ಅಲ್ಲ. ನನಗಂತೂ ಹಗುರವೇ ಇಷ್ಟ. ಡ್ಯಾಂಪರಿನ ಬಿಗಿ ಬದಲಿಸಬಲ್ಲ ಕಾರುಗಳಲ್ಲಿ ಸ್ಪೋರ್ಟ್ ಒತ್ತಿದರೆ ತಿರುವಿನಲ್ಲಿ ಬಾಡಿ ಕಡಿಮೆ ವಾಲುತ್ತದೆ, ಆದರೆ ರಸ್ತೆಯ ಪ್ರತಿ ಗುಂಡಿಯೂ ಸೊಂಟಕ್ಕೆ ಹೆಸರು ಹೇಳಿ ಹೋಗುತ್ತದೆ. ಜರ್ಮನಿಯ ನುಣುಪು ರಸ್ತೆಗೆ ಅದು ಸರಿ. ಮಳೆಗಾಲ ಮುಗಿದ ಮಲೆನಾಡಿಗೆ ಅಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದೆವು. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದು ಇದೇ ಊರಲ್ಲಿ. ತಟ್ಟೆ ಮುಂದಿದ್ದರೂ ಅಪ್ಪ ಬಸ್‌ಸ್ಟಾಪಿನ ಕಡೆಯೇ ನೋಡುತ್ತಿದ್ದರು.

"ಘಟ್ಟ ಇಳಿಯೋಕೆ ನಾನೂ ನಿಮ್ಮಮ್ಮನೂ ಬಸ್ಸಲ್ಲಿ ಬರ್ತೀವಿ. ನೀವು ಕೆಳಗೆ ಕಾಯ್ತಿರಿ."

ಅಪ್ಪ ಮೂವತ್ತು ವರ್ಷ ಕೆಎಸ್ಸಾರ್ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಇದೇ ಚಾರ್ಮಾಡಿಯನ್ನು ಎಷ್ಟು ಸಲ ಹತ್ತಿ ಇಳಿದಿದ್ದಾರೋ ಲೆಕ್ಕವಿಲ್ಲ. ಅವರು ಹಾಗೆ ಅಂದರೆ ಹಟವಲ್ಲ, ತೀರ್ಪು. ತಮ್ಮನ ಮುಖ ಬಾಡಿತು. ಒಟ್ಟಿಗೆ ಹೋಗಬೇಕೆಂಬ ಹರಕೆ ಅರ್ಧ ದಾರಿಯಲ್ಲಿ ಎರಡು ಭಾಗವಾಗುವುದು ನನಗೂ ಬೇಡವಾಗಿತ್ತು.

"ಅಪ್ಪಾ, ನಾನು ಓಡಿಸ್ತೀನಿ. ನೀವು ಮುಂದೆ ಕೂತ್ಕೊಳಿ. ನೀವು ಹೇಳಿದ ಹಾಗೆ ಇಳಿಸ್ತೀನಿ" ಅಂದೆ.

"ಯಾವ ಗೇರಲ್ಲಿ ಇಳಿಸ್ತೀಯಾ?"

"ಅದು ಆಟೊಮ್ಯಾಟಿಕ್ ಅಪ್ಪಾ, ಅದೇ ಹಾಕ್ಕೊಳತ್ತೆ" ಎಂದ ತಮ್ಮ.

"ಅದಕ್ಕೇ ನಾನು ಬಸ್ಸು ಅಂದಿದ್ದು."

ಹತ್ತುವ ಗೇರಲ್ಲೇ ಇಳಿಯಬೇಕು ಎನ್ನುವುದು ಘಟ್ಟದ ಡ್ರೈವರುಗಳ ಹಳೇ ಪಾಠ. ಮೇಲಿನ ಗೇರಲ್ಲಿ ಇಳಿದರೆ ಗಾಡಿ ತನ್ನ ಪಾಡಿಗೆ ಜಾರುತ್ತದೆ, ಪ್ರತಿ ತಿರುವಿಗೂ ಬ್ರೇಕೇ ಗತಿ. ಬ್ರೇಕ್ ಕಾದು ಕಾದು ಕೊನೆಗೆ ಹಿಡಿತ ಬಿಡುತ್ತದೆ. ಕಂಫರ್ಟ್ ಮೋಡ್ ಸಾಮಾನ್ಯವಾಗಿ ಮಾಡುವುದು ಇದನ್ನೇ. ಪೆಟ್ರೋಲ್ ಉಳಿಸಲು, ಸದ್ದು ತಗ್ಗಿಸಲು ಆದಷ್ಟು ಬೇಗ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಸ್ಪೋರ್ಟ್ ಕೆಳಗಿನ ಗೇರನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಬ್ರೇಕ್ ಮುಟ್ಟಿದರೆ ಇನ್ನೊಂದು ಗೇರ್ ಇಳಿಸುತ್ತದೆ. ಮೂಡಿಗೆರೆ ದಾರಿಯಲ್ಲಿ ಅಮ್ಮನ ಹೊಟ್ಟೆ ತೊಳೆಸಿದ್ದೂ ಇದೇ ಗುಣ. ಇಳಿಜಾರಿನಲ್ಲಿ ನಮಗೆ ಬೇಕಾಗಿದ್ದೂ ಇದೇ.

ತಮ್ಮನಿಗೆ ಹೇಳಿ ಸೆಟ್ಟಿಂಗ್ ಬೇರೆ ಬೇರೆ ಮಾಡಿಸಿದೆ. ಎಂಜಿನ್, ಗೇರ್‌ಬಾಕ್ಸ್ ಸ್ಪೋರ್ಟ್‌ನಲ್ಲಿ, ಸ್ಟಿಯರಿಂಗ್ ಕಂಫರ್ಟ್‌ನಲ್ಲಿ. ಸ್ಪೋರ್ಟ್ ಇಂಡಿವಿಜುಯಲ್ ಅಂತ ಅದಕ್ಕೊಂದು ಜಾಗ ಇದೆ, ತಮ್ಮ ಅಲ್ಲಿಯವರೆಗೂ ಅದನ್ನು ಮುಟ್ಟಿರಲಿಲ್ಲ. ಈ ಕಾರುಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಮೋಡ್ ಅದೊಂದೇ ಅಂತ ನನಗನ್ನಿಸುತ್ತದೆ. ಸ್ಟಿಯರಿಂಗ್ ಹಿಂದಿನ ಎಡಗಡೆ ಪ್ಯಾಡಲ್ ಎಳೆದು ಎರಡನೇ ಗೇರಿಗೆ ತಂದೆ. ಅಪ್ಪ ಬೆಲ್ಟ್ ಹಾಕಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಂಕಿ ಎಲ್ಲಿ ಕಾಣುತ್ತೆ ಎಂದು ಕೇಳಿ, ದಾರಿಯುದ್ದಕ್ಕೂ ಅದನ್ನೇ ನೋಡುತ್ತಾ ಕೂತರು.

ಮಂಜು ಕವಿದಿತ್ತು. ಎದುರಿಗೆ ಬರುವ ಬಸ್ಸು ಹೆಡ್‌ಲೈಟ್ ಆಗಿ ಮೊದಲು ಕಾಣುತ್ತದೆ, ಆಮೇಲೆ ಬಸ್ಸಾಗುತ್ತದೆ. 2019ರ ಆಗಸ್ಟ್ ಮಳೆಗೆ ಗುಡ್ಡ ಜರಿದು ಈ ದಾರಿ ಮುಚ್ಚಿತ್ತು. ಎಡಕ್ಕೆ ಬಂಡೆ, ಬಲಕ್ಕೆ ತಗ್ಗುಗೋಡೆ, ಅದರಾಚೆ ಬರೀ ಬಿಳುಪು. ವೇಗ ಮೂವತ್ತು ದಾಟಲಿಲ್ಲ. ಕಾಲು ತೆಗೆದರೆ ಸಾಕು, ಎಂಜಿನ್ನೇ ಕಾರನ್ನು ತಡೆಹಿಡಿಯುತ್ತಿತ್ತು. ಆರು ಸಿಲಿಂಡರಿನ ಆ ಗುರುಗುಟ್ಟುವಿಕೆ ಹೆದ್ದಾರಿಯಲ್ಲಿ ಜಂಬದಂತೆ ಕೇಳಿಸಿತ್ತು. ಇಲ್ಲಿ ಕಾವಲು ನಾಯಿಯ ಹಾಗೆ ಧೈರ್ಯ ಕೊಟ್ಟಿತು. ಬ್ರೇಕನ್ನು ತಿರುವಿನ ಮುಂಚೆ ಒಂದು ಸಲ ಒತ್ತಿ ಬಿಡುವುದು, ಅಷ್ಟೇ. ಹಿಂದಿನಿಂದ ಅಮ್ಮನ ಸದ್ದಿಲ್ಲ ಅಂತ ಕನ್ನಡಿಯಲ್ಲಿ ನೋಡಿದರೆ ಅವರು ನಿದ್ದೆ ಹೋಗಿದ್ದರು.

ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದೆವು. ಪಕ್ಕದಲ್ಲೇ ನಿಂತಿದ್ದ ಬೇರೆ ಕಾರಿನಿಂದ ಬ್ರೇಕ್ ಕಾದ ಸುಟ್ಟ ವಾಸನೆ ಬರುತ್ತಿತ್ತು. ಅಪ್ಪ ನಮ್ಮ ಕಾರಿನ ಚಕ್ರದ ಬಳಿ ಬಗ್ಗಿ ಕೈಯನ್ನು ಒಂದು ಗೇಣು ದೂರ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಆ ಕಾರಿನ ಹುಡುಗನ ಹತ್ತಿರ ಹೋಗಿ, "ಇಪ್ಪತ್ತು ನಿಮಿಷ ಬಿಡಪ್ಪ, ತಣ್ಣಗಾಗ್ಲಿ. ನೀರು ಗೀರು ಹುಯ್ಬೇಡ. ಆಮೇಲೆ ಸಣ್ಣ ಗೇರಲ್ಲಿ ಇಳಿ" ಅಂತ ಹೇಳಿ ಬಂದರು.

ತಮ್ಮ ಬೀಗದ ಕೈಗೆ ಕೈಚಾಚಿದ. ಮಿಕ್ಕ ತಿರುವುಗಳನ್ನು ಅವನೇ ಇಳಿಸಿದ, ಎರಡನೇ ಗೇರಲ್ಲೇ. ಉಜಿರೆ ಕಡೆಯ ಸಪಾಟು ರಸ್ತೆ ಸಿಕ್ಕಿದ ಕೂಡಲೇ ಅಪ್ಪನೇ ಬೆರಳು ತೋರಿಸಿ ಹೇಳಿದರು, "ಈಗ ಹಾಕೋ ನಿನ್ನ ಕಂಫರ್ಟು. ಅಮ್ಮ ಏಳ್ತಾಳೆ."